ಹತ್ತು ನಿಮಿಷಕ್ಕೆ ಎಷ್ಟು ಸುತ್ತು

ಡಾಕ್ಟರ್ ಮಹಾನಂದ ಮೇಡಂ ಫೋನಿನಲ್ಲಿ ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗಬಹುದಿತ್ತು.

"ಗೌರೀಶ್, ನಿಮ್ಮ ಕಂಪ್ಯೂಟರ್ ಬಂದ್ಮೇಲೆ ಇನ್ವರ್ಟರ್ ಎರಡೂವರೆ ಗಂಟೆಯಷ್ಟೇ ಓಡಿ ಕೈ ಕೊಡ್ತಿದೆ. ನಿನ್ನೆ ಫ್ರಿಜ್ ನಿಂತುಹೋಗಿ ಒಂದು ಡಬ್ಬ ಲಸಿಕೆ ಬಿಸಾಕ್ದೆ. ಮಕ್ಕಳನ್ನ ಎತ್ಕೊಂಡು ಬಂದೋರ್ನ ವಾಪಸ್ ಕಳಿಸ್ದೆ. ಸೋಮವಾರದೊಳಗೆ ಸರಿಮಾಡಿ, ಇಲ್ದಿದ್ರೆ ತಗೊಂಡ್ಹೋಗಿ," ಎಂದು ಇಟ್ಟುಬಿಟ್ಟರು.

ಅದು 2002ರ ಏಪ್ರಿಲ್. ಗವಿಪುರದ ಅವರ ಕ್ಲಿನಿಕ್ಕಿನಲ್ಲಿ ದಿನಾ ಮಧ್ಯಾಹ್ನ ಎರಡರಿಂದ ಐದರವರೆಗೆ ಕರೆಂಟ್ ಇರುತ್ತಿರಲಿಲ್ಲ. ಯಾವ ಮಗುವಿಗೆ ಯಾವ ಲಸಿಕೆ ಯಾವಾಗ ಎಂದು ಹೇಳುವ ಪ್ರೋಗ್ರಾಂ ನಾವು ಬರೆದು, ಕಂಪ್ಯೂಟರಿಗೆ ಹಾಕಿ ಕೊಟ್ಟದ್ದು. ನಾವು ಅಂದರೆ, ಚಾಮರಾಜಪೇಟೆಯಲ್ಲಿ ತುಳಸಮ್ಮನವರ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದ ನಾನು, ಮತ್ತು ಕಾಲೇಜು ಮುಗಿಸಿ ಆರು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ್ದ ಆಂಡಾಳ್. ಆ ಪ್ರೋಗ್ರಾಮೇ ನಮ್ಮ ಕಂಪನಿಯ ಮೊದಲ ಕೆಲಸ.

"ಅವರ ಬ್ಯಾಟರಿ ಹಳೇದು! ಸಾಫ್ಟ್‌ವೇರೇನು ಕರೆಂಟ್ ಕುಡಿಯುತ್ತಾ?" ಎಂದು ನಾನು ಹಾರಾಡಿದೆ.

"ಅಳೆದು ನೋಡೋಣ ಸಾರ್."

"ಯಾವುದ್ರಲ್ಲಿ ಅಳೀತೀಯಮ್ಮ, ಸೇರಲ್ಲೋ ಪಾವಲ್ಲೋ?"

ಆಂಡಾಳ್ ಫ್ಯಾನು, ಟ್ಯೂಬ್‌ಲೈಟು ಎಲ್ಲ ಆರಿಸಿ, ನಮ್ಮ ಪ್ರೋಗ್ರಾಂ ಓಡುತ್ತಿದ್ದ ಕಂಪ್ಯೂಟರ್ ಒಂದನ್ನೇ ಉಳಿಸಿ ಕೆಳಗೆ ಹೋದಳು. ವರಾಂಡದಲ್ಲಿ ನಮ್ಮ ಮಹಡಿಯ ಕರೆಂಟ್ ಮೀಟರ್ ಇತ್ತು. ಅದರ ಗಾಜಿನೊಳಗೆ ತಿರುಗುವ ತಟ್ಟೆಗೆ ಒಂದು ಕಪ್ಪು ಗುರುತು. ಸ್ಟೂಲ್ ಹಾಕಿಕೊಂಡು ಕೂತು, ಗುರುತು ಎದುರಿಗೆ ಬಂದಾಗಲೆಲ್ಲ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಳು. ಹತ್ತು ನಿಮಿಷಕ್ಕೆ ಹದಿನೈದು ಗೆರೆ.

ತುಳಸಮ್ಮ ಹೊರಗೆ ಬಂದು ನೋಡಿ, "ಏನೇ ಹುಡುಗಿ, ಮೀಟರಿಗೆ ಪೂಜೆ ಮಾಡ್ತಿದೀಯಾ?" ಎಂದರು.

ಆಮೇಲೆ ಅವಳು ಪ್ರೋಗ್ರಾಮಿನ ಒಂದೊಂದೇ ಭಾಗ ನಿಲ್ಲಿಸುವುದು, ಕೆಳಗೆ ಓಡುವುದು, ಎಣಿಸುವುದು. ಮಧ್ಯಾಹ್ನವೆಲ್ಲ ಇದೇ. ಮೇಲೆ ಫ್ಯಾನಿಲ್ಲದೆ ಬೆವರುತ್ತಾ ನಾನು ಶಪಿಸುತ್ತಿದ್ದೆ. ಸಂಜೆ ಬಂದು ಬಾಗಿಲಲ್ಲೇ ನಿಂತಳು.

"ಬೇಜಾರ್ ಮಾಡ್ಕೋಬೇಡಿ ಸಾರ್. ಶಂಖ."

ಮೈ ಉರಿಯಿತು. ಯಾರೂ ಏನೂ ಒತ್ತದಿದ್ದಾಗಲೂ ಪರದೆಯ ಮೂಲೆಯಲ್ಲಿ ತಿರುಗುತ್ತಿರುವ ಶಂಖ, ನಮ್ಮ ಕಂಪನಿಯ ಗುರುತು, ನಾನು ಮೂರು ವಾರ ಕೂತು ಬರೆದದ್ದು. ಅದು ನಿಲ್ಲುವುದಿಲ್ಲವಾದ್ದರಿಂದ ಪರದೆಯೂ ಮಲಗುವುದಿಲ್ಲ, ಯಂತ್ರಕ್ಕೂ ಬಿಡುವಿಲ್ಲ ಎಂದಳು.

"ನೀನು ಎಣಿಸಿದ್ದೇ ತಪ್ಪು," ಎಂದು ಗದರಿಸಿ ನಾನೇ ಹೋಗಿ ಕೂತೆ. ಶಂಖ ಇದ್ದಾಗ ಹದಿನೈದು. ತೆಗೆದಾಗ ಆರು. ಹಟಕ್ಕೆ ಮತ್ತೆ ಎಣಿಸಿದೆ. ಆರೇ.

ನಿಜವಾಗಿಯೂ ನಾಚಿಕೆಯಾಯಿತು. ಹತ್ತು ವರ್ಷದಿಂದ ಪ್ರೋಗ್ರಾಂ ಬರೆಯುತ್ತಿದ್ದೆ. ಅದು ಎಷ್ಟು ಉಣ್ಣುತ್ತದೆ ಎಂದು ಒಂದು ದಿನವೂ ಕೇಳಿದವನಲ್ಲ. ಈ ಹುಡುಗಿ ಒಂದು ತುಂಡು ಸೀಮೆಸುಣ್ಣದಲ್ಲಿ ಕೇಳಿಬಿಟ್ಟಳಲ್ಲ! ಮೇಲೆ ಹೋಗಿ ಶಂಖವನ್ನು ನನ್ನ ಕೈಯಾರೆ ಅಳಿಸಿದೆ.

ಸೋಮವಾರ ಬೆಳಿಗ್ಗೆ ಹೊಸ ಪ್ರೋಗ್ರಾಮನ್ನು ಕ್ಲಿನಿಕ್ಕಿನ ಕಂಪ್ಯೂಟರಿಗೆ ಹಾಕಿದೆವು. ಎರಡಕ್ಕೆ ಸರಿಯಾಗಿ ಗವಿಪುರದಲ್ಲಿ ಕರೆಂಟ್ ಹೋಯಿತು. ಇಬ್ಬರೂ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತೆವು. ಇನ್ವರ್ಟರ್ ಕೈ ಕೊಡುತ್ತಿದ್ದ ಹೊತ್ತು, ನಾಲ್ಕೂವರೆ, ದಾಟಿತು. ಫ್ರಿಜ್ ಗುಂಯ್ ಎನ್ನುತ್ತಲೇ ಇತ್ತು. ಐದೂ ಹತ್ತಕ್ಕೆ ಕರೆಂಟ್ ಬಂದಾಗಲೂ ಅದು ನಿಂತಿರಲಿಲ್ಲ. ಡಾಕ್ಟರ್ ಒಳಗಿನ ಥರ್ಮಾಮೀಟರ್ ನೋಡಿದರು.

"ಭೇಷ್ ಗೌರೀಶ್! ಏನು ಸೇರಿಸಿದ್ರಿ?"

ಸುಮ್ಮನೆ ನಕ್ಕುಬಿಡಬಹುದಿತ್ತು.

"ಸೇರಿಸಲಿಲ್ಲ ಮೇಡಂ, ತೆಗೆದ್ವಿ. ನಾನು ಬರೆದಿದ್ದ ಒಂದು ದಂಡದ ಕೆಲಸ. ಕಂಡುಹಿಡಿದೋಳು ಇವಳು."

ಡಾಕ್ಟರ್ ಆಂಡಾಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ಫ್ರಿಜ್ಜಿನಿಂದ ಸೀಸೆ ತೆಗೆದು, ಹೊರಗೆ ಮಗುವನ್ನೆತ್ತಿಕೊಂಡು ನಿಂತಿದ್ದವಳನ್ನು ಕರೆದರು. "ಬಾ ಲಕ್ಕಮ್ಮ. ಇವತ್ತು ವಾಪಸ್ ಕಳಿಸಲ್ಲ."

ಸೂಜಿ ಚುಚ್ಚಿದ್ದೇ ತಡ, ಮಗು ಸೂರು ಹಾರಿಹೋಗುವಂತೆ ಕಿರುಚಿತು. ನನ್ನ ಕಣ್ಣು ತುಂಬಿ ಬಂತು. ಆಂಡಾಳ್ ಕಂಪ್ಯೂಟರಿನ ಮುಂದೆ ಕೂತು, ಆ ಮಗುವಿನ ಹೆಸರಿನ ಎದುರು "ಹಾಕಿದೆ" ಎಂದು ಒತ್ತಿದಳು.