ಹೆಬ್ಬೆಟ್ಟಿನ ಗೆರೆ

ವರಲಕ್ಷ್ಮಿ ತಾಯಿಯ ಎಡಗೈಯನ್ನು ಹೊದಿಕೆಯೊಳಗೆ ತುರುಕಿ, ಅದರ ಮೇಲೆ ತನ್ನ ಅಂಗೈ ಒತ್ತಿ ಕೂತಳು. ಹಾರ ಹಿಡಿದು ಬಂದವರೆಲ್ಲ ಅದನ್ನು ದುಃಖವೆಂದುಕೊಂಡರು. ದುಃಖವೂ ಇತ್ತು, ಇಲ್ಲವೆನ್ನುವ ಹಾಗಿಲ್ಲ. ಆದರೆ ಅವಳು ಕಾಯುತ್ತಿದ್ದದ್ದು ಆ ಕೈಯ ಹೆಬ್ಬೆಟ್ಟನ್ನು. ಹೆಣದ ಹೆಬ್ಬೆಟ್ಟು ಒತ್ತಿಸಿಕೊಂಡು ಆಸ್ತಿ ಹೊಡೆದವರ ಕತೆಗಳನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಳು. ಅಂಥ ಕೆಲಸಕ್ಕೂ ಹೇಸದವರೆಂದು ಅವಳು ನಂಬಿದ್ದ ಒಬ್ಬರು ಎದುರಿಗೇ, ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತಿದ್ದರು.

ಅವರು ಪುಟ್ಟಸ್ವಾಮಯ್ಯ, ನಿವೃತ್ತ ಮೇಷ್ಟ್ರು. ಹಿಂದಿನ ಸಂಜೆ ತಾಯಿ ಅಮ್ಮಾಜಮ್ಮನ ಉಸಿರು ನಿಂತು ಎರಡು ಗಂಟೆ ಆಗಿರಲಿಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ಟ್ರಸ್ಟ್ ಡೀಡಿನ ನಕಲು ಹಿಡಿದು ಬಂದಿದ್ದರು. ಶಿಡ್ಲಘಟ್ಟದ ಈ ಮನೆಯ ಹಿಂದಿರುವ, ರೇಷ್ಮೆ ನೂಲು ಬಿಚ್ಚುವ ಶೆಡ್ಡನ್ನು ಅಮ್ಮಾಜಮ್ಮ ಕೈ ಸೋತ ಕೆಲಸದ ಹೆಂಗಸರಿಗೆಂದು ಟ್ರಸ್ಟು ಮಾಡಿ ಬರೆದಿದ್ದಾರೆ, ಅದಕ್ಕೆ ಬೀಗ ಹಾಕಬೇಡಿ ಎಂದು ಹೇಳಿ ಹೋಗಿದ್ದರು. ಒಬ್ಬಳೇ ಮಗಳಿಗೆ ತಾಯಿ ಒಂದು ಮಾತೂ ಹೇಳಿರಲಿಲ್ಲ. ಇದನ್ನು ಹೇಳಲು ಈ ಮನುಷ್ಯನಿಗೆ ಆ ಹೊತ್ತೇ ಸಿಕ್ಕಿತೇ ಎಂದು ವರಲಕ್ಷ್ಮಿಗೆ ಮೈಯೆಲ್ಲ ಉರಿದಿತ್ತು.

ಅವಳ ಗಂಡ ಬೀರೇಶನಿಗೆ ಮಂಚೇನಹಳ್ಳಿಯಲ್ಲಿ ಜೆರಾಕ್ಸ್ ಅಂಗಡಿ. ಕಾಗದಪತ್ರದ ವಿಷಯದಲ್ಲಿ ಅವನ ಕಣ್ಣು ಬಲು ಚುರುಕು. ಡೀಡಿನ ಹಾಳೆಯಲ್ಲಿ ಕಂಪ್ಯೂಟರು ತೆಗೆದ ಅಮ್ಮಾಜಮ್ಮನ ಫೋಟೋ ಇತ್ತು, ಪಕ್ಕದಲ್ಲಿ ಮೆಷೀನಿನ ಗಾಜಿನ ಮೇಲೆ ಇಡಿಸಿದ ಹೆಬ್ಬೆಟ್ಟಿನ ಗುರುತು. ಒಂದೊಂದು ಗೆರೆಯನ್ನೂ ಎಣಿಸುವಷ್ಟು ಸ್ಪಷ್ಟವಾಗಿತ್ತು ಆ ಗುರುತು.

ಗಂಡಹೆಂಡಿರು ಮುಖ ಮುಖ ನೋಡಿಕೊಂಡಿದ್ದರು. ಅಮ್ಮಾಜಮ್ಮನ ಬೆರಳಲ್ಲಿ ಗೆರೆ ಎಲ್ಲಿತ್ತು? ನಲವತ್ತು ವರ್ಷ ಕುದಿನೀರಿನಲ್ಲಿ ಕೈಯಾಡಿಸಿ, ಬೆಂದ ಗೂಡಿನಿಂದ ಎಳೆ ಹುಡುಕಿ ಹುಡುಕಿ ಬೆರಳ ತುದಿಗಳೆಲ್ಲ ನುಣ್ಣಗಾಗಿದ್ದವು. ಪೋಸ್ಟಾಫೀಸಿನಲ್ಲಿ ಅವಳು ಒತ್ತಿದರೆ ಮಸಿಯ ಮುದ್ದೆ ಬೀಳುತ್ತಿತ್ತು, ಅಷ್ಟೆ.

"ಬೇರೆ ಯಾರ್ದೋ ಬೆರಳು ಇಡ್ಸವ್ರೆ ಕಣೇ," ಎಂದಿದ್ದ ಬೀರೇಶ್. "ನೀರು ಹಾಕೋಕ್ ಮುಂಚೆ ಅತ್ತೆದೊಂದು ಒತ್ಸಿಟ್ಕೊಳ್ಳಣ. ಎರಡೂ ಪಕ್ಕಪಕ್ಕ ಇಟ್ರೆ ಕೋರ್ಟಲ್ಲಿ ಮೇಷ್ಟ್ರ ಆಟ ಮುಗೀತು."

ಬಂದ ಜನ ಕಾಫಿಗೆಂದು ಎದುರುಮನೆಗೆ ಎದ್ದಾಗ ಬೀರೇಶ್ ಜೇಬಿನಿಂದ ಮಸಿಯ ಪ್ಯಾಡು ತೆಗೆದ. ಅಷ್ಟು ಹೊತ್ತು ಹೆಬ್ಬೆಟ್ಟಿಗೆ ಕಾವಲು ಕೂತವಳೇ ಅದನ್ನು ಎತ್ತಿಕೊಟ್ಟಳು. ಹಾಳೆಯ ಮೇಲೆ ನೀಲಿ ಮುದ್ದೆ ಬಿತ್ತು, ಒಂದು ಗೆರೆಯೂ ಇಲ್ಲ. ಬೀರೇಶ್ ಹಾಳೆ ಮಡಚಿ ಜೇಬಿಗಿಟ್ಟುಕೊಂಡ. ಪುಟ್ಟಸ್ವಾಮಯ್ಯ ಎಲ್ಲವನ್ನೂ ನೋಡುತ್ತಿದ್ದರು, ಕೂತಲ್ಲಿಂದ ಕದಲಲಿಲ್ಲ.

ಅದೇ ಅವಳನ್ನು ಕೆಣಕಿತು. "ಮೇಷ್ಟ್ರೇ, ನಮ್ಮಮ್ಮನ ಬೆರಳಲ್ಲಿ ಗೆರೆನೇ ಇಲ್ಲ. ಡೀಡಲ್ಲಿರೋದು ಯಾರ್ದು, ಹೇಳಿ."

ಪುಟ್ಟಸ್ವಾಮಯ್ಯ ಗಲಿಬಿಲಿಗೊಳ್ಳಲಿಲ್ಲ. ಡಿಸೆಂಬರಿನಲ್ಲಿ ನೋಂದಣಿಗೆ ಹೋದಾಗ ಮೆಷೀನು ಆರು ಸಲ ಆ ಹೆಬ್ಬೆಟ್ಟನ್ನು ಒಲ್ಲೆ ಎಂದಿತಂತೆ. ಒಂದು ತಿಂಗಳು ನೀರು ಸೋಕಿಸದೆ ಎಣ್ಣೆ ಹಚ್ಚಿಕೊಳ್ಳಿ, ಗೆರೆ ಮತ್ತೆ ಬರಬಹುದು ಎಂದು ಕಂಪ್ಯೂಟರಿನ ಮುಂದೆ ಕೂತ ಹುಡುಗಿ ಹೇಳಿದಳಂತೆ. ಅಲ್ಲಿಗೆ ಈ ಕೆಲಸ ಕೆಟ್ಟಿತು ಎಂದುಕೊಂಡರಂತೆ ಮೇಷ್ಟ್ರು, ಅಮ್ಮಾಜಮ್ಮ ನೀರು ಬಿಟ್ಟು ಒಂದು ದಿನ ಇದ್ದವರಲ್ಲ.

"ಅಷ್ಟು ದಿನ ಸುಮ್ನೆ ಕೂತ್ಕೊಳ್ಳೋಕೆ ನಂಗೊಂದು ಮನೆ ಐತೆ ಮೇಷ್ಟ್ರೇ ಅಂದ್ರು," ಎಂದರು. "ಶಿವರಾತ್ರಿ ಮಾರನೇ ದಿನ ಬಸ್ಸಿಳಿದು ಸೀದಾ ಆಫೀಸಿಗೇ ಬಂದ್ರು. ಒಂದೇ ಸಲಕ್ಕೆ ತಗೊಂಡ್ತು. ಆಮೇಲೆ ಎರಡು ದಿನ ಕಳೀಲಿಲ್ಲಮ್ಮ, ಮತ್ತೆ ಕುದಿನೀರಿಗೆ ಕೈ ಹಾಕಿದ್ರು."

"ಮಗಳಿಗೆ ಹೇಳಿ ಅಂತ ನಾನೂ ಅಂದೆ. ನನ್ ಮಗಳ ಬೆರಳಲ್ಲಿ ಗೆರೆ ಐತೆ, ಅವಳು ಎಲ್ಲಾದ್ರೂ ಬದುಕ್ಕೋತಾಳೆ ಅಂದ್ಬಿಟ್ರು," ಎಂದರು.

*

ಆ ಸಂಕ್ರಾಂತಿಗೆ ಅಮ್ಮಾಜಮ್ಮ ಬಟ್ಟೆಯ ಚೀಲ ಹಿಡಿದು ಮಂಚೇನಹಳ್ಳಿಗೆ ಬಂದಿದ್ದಳು. ಮಗಳ ಮದುವೆಯಾದ ಹದಿನಾರು ವರ್ಷದಲ್ಲಿ ಒಂದು ರಾತ್ರಿಗಿಂತ ಹೆಚ್ಚು ನಿಂತವಳಲ್ಲ, ಈ ಸಲ ಮೂವತ್ತಮೂರು ದಿನ ನಿಂತಳು. ಒಂದು ಲೋಟವನ್ನೂ ತೊಳೆಯಲಿಲ್ಲ. ಬೆಳಿಗ್ಗೆ ಸಂಜೆ ಹರಳೆಣ್ಣೆ ತಿಕ್ಕಿ ಹೆಬ್ಬೆಟ್ಟಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಅತ್ತೆ ಮಹಾರಾಣಿಯಾಗಿಬಿಟ್ಟರು ಎಂದು ಬೀರೇಶ್ ನಗುತ್ತಿದ್ದ.

ಸ್ನಾನವನ್ನೂ ವರಲಕ್ಷ್ಮಿಯೇ ಮಾಡಿಸಬೇಕಿತ್ತು. ಮಗಳು ನೀರು ಹುಯ್ಯುವಷ್ಟು ಹೊತ್ತೂ ತಾಯಿ ಎಡಗೈಯನ್ನು ಮೇಲೆತ್ತಿ ಹಿಡಿದಿರುತ್ತಿದ್ದಳು.

"ಕೈ ನೋಯ್ತದೇನಮ್ಮ?"

"ಇಲ್ಲಮ್ಮಾಯಿ. ಬೆರಳು ಒಸಿ ಚಿಗುರ್ಲಿ ಅಂತ."

ನಮ್ಮಮ್ಮ ಕೊನೆಗೂ ನನ್ನ ಹತ್ತಿರ ದಣಿವಾರಿಸಿಕೊಳ್ಳಲು ಬಂದಳು ಎಂದು ವರಲಕ್ಷ್ಮಿ ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ತನ್ನ ಬಾಳಿನಲ್ಲಿ ಅಷ್ಟು ಸಂತೋಷದ ದಿನಗಳು ಬೇರೆ ಇರಲಿಲ್ಲ ಎಂದು ಆಗಲೇ ಅನಿಸಿತ್ತು.

*

ಹಾಗಾದರೆ ಅಮ್ಮ ಬಂದದ್ದು ತನಗಾಗಿ ಅಲ್ಲ, ಆ ಹೆಬ್ಬೆಟ್ಟಿಗಾಗಿ. ವರಲಕ್ಷ್ಮಿಗೆ ಎದೆ ಉರಿಯುವಷ್ಟು ಸಿಟ್ಟು ಬಂತು. ಹೆಣದ ಮುಂದೆ ಕೂತು ಹೆಣದ ಮೇಲೆ ಸಿಟ್ಟಾದದ್ದಕ್ಕೆ ಅಳುವೂ ಬಂತು. ಒಂದು ತಿಂಗಳು ಸುಮ್ಮನೆ ಕೂರಲು ಅಮ್ಮನಿಗೆ ಈ ಲೋಕದಲ್ಲಿ ಇದ್ದದ್ದು ತನ್ನ ಮನೆಯೊಂದೇ ಎಂಬುದು ಹೊಳೆದಾಗ ಮಾತ್ರ ಬಿಕ್ಕಿ ಬಿಕ್ಕಿ ಅತ್ತಳು. ಗಂಡನ ಜೇಬಿನಲ್ಲಿದ್ದ ಮುದ್ದೆ ಕೋರ್ಟಿನಲ್ಲಿ ಗೆಲ್ಲುತ್ತದೆ. ಅದು ಸುಳ್ಳು ಹೇಳಿ ಗೆಲ್ಲುತ್ತದೆ ಎಂಬುದು ಮಗಳಾದ ತನಗೆ ಗೊತ್ತು.

ಎದ್ದು ಬೀರೇಶನ ಮುಂದೆ ಕೈ ಚಾಚಿದಳು.

"ಅದು ನಮ್ ಸಾಕ್ಷಿ ಕಣೇ," ಎಂದ ಅವನು ಮೆಲ್ಲಗೆ.

"ಮೂವತ್ಮೂರು ದಿನ ನೀರು ಹುಯ್ದೋಳು ನಾನು. ಆ ಬೆರಳಿಗೆ ಸಾಕ್ಷಿ ನಾನೇ. ಕೊಡಿ."

ಅವನು ಬಾಗಿಲಲ್ಲಿ ಕೂತಿದ್ದ ಮೇಷ್ಟ್ರನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ ಹಾಳೆ ಕೊಟ್ಟ. ಅವಳು ಹಿತ್ತಲಿಗೆ ಹೋಗಿ ಅದನ್ನು ಹಂಡೆಯ ಕೆಳಗಿನ ಬೆಂಕಿಗೆ ಹಾಕಿದಳು.

ನಾಲ್ವರು ಗಂಡಸರು ಅಮ್ಮಾಜಮ್ಮನನ್ನು ಎತ್ತಿ ತಂದು ಹಿತ್ತಲ ಚಪ್ಪಡಿಯ ಮೇಲೆ ಮಲಗಿಸಿ ಆಚೆ ಸರಿದರು. ಶೆಡ್ಡಿನ ಹೆಂಗಸರು ಸುತ್ತ ಸೀರೆ ಮರೆ ಹಿಡಿದರು. ಅವರಲ್ಲೊಬ್ಬಳು ಹಂಡೆಯಿಂದ ಹೊಗೆಯಾಡುವ ನೀರನ್ನು ಬಿಂದಿಗೆಗೆ ತೋಡಿಕೊಂಡು ಬಂದಳು.

ವರಲಕ್ಷ್ಮಿ ಅಡ್ಡ ಬಂದಳು. "ಬಿಸಿನೀರು ಬೇಡಕ್ಕಾ. ತಣ್ಣೀರು ತನ್ನಿ."

ಬಿಂದಿಗೆ ಹಿಂದಕ್ಕೆ ಹೋಯಿತು, ತೊಟ್ಟಿಯಿಂದ ತಣ್ಣೀರು ಬಂತು. ಬೆರಳ ತುದಿಯೆಲ್ಲ ಬೆಳ್ಳಗೆ ನೆನೆದ ಆ ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಚೊಂಬು ಹಿಡಿದು ಹುಯ್ದರು. ವರಲಕ್ಷ್ಮಿ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಉಜ್ಜುತ್ತಿದ್ದಳು, ಹೆಬ್ಬೆಟ್ಟಿನ ಮಸಿ ತೆಳ್ಳಗೆ, ನೀಲಿಯಾಗಿ ಚಪ್ಪಡಿಯ ಮೇಲೆ ಹರಿದು ಶೆಡ್ಡಿನ ಕಡೆಗೆ ಹೋಗುತ್ತಿತ್ತು.