ಲಾಹಿರಿ ಡಾಕ್ಟರರ ಮೆಟ್ಟಿಲು ಪರೀಕ್ಷೆ

ಪ್ರಭಾಸ ತನ್ನ ಚಿಕ್ಕಪ್ಪ ಲಾಹಿರಿ ಡಾಕ್ಟರರ ಚಟ್ಟದ ಹಗ್ಗ ಬಿಗಿಯುತ್ತಿದ್ದಾಗ ಯಾರೋ ಬಾಗಿಲ ಚೌಕಟ್ಟು ಹಿಡಿದು ನಿಂತದ್ದು ಕಂಡಿತು. ನಲವತ್ತರ ಆಸುಪಾಸಿನ ಹೆಂಗಸು, ಉಸಿರಿಗೆ ಒದ್ದಾಡುತ್ತಿದ್ದಳು.

"ಕಿರಣಶಶಿ ದಿದಿ, ಕೂತ್ಕೊಳ್ಳಿ. ನೀವು ಸ್ಕೂಲಿಂದ ನಡ್ಕೊಂಡೇ ಬಂದ್ರಾ?"

"ಅವರು ಹೊರಡೋದ್ರೊಳಗೆ ನೋಡ್ಬೇಕಿತ್ತಪ್ಪ."

ಅಂಗಳದ ಕುರ್ಚಿಯಲ್ಲಿದ್ದ ಮುದಿ ಜಮೀನ್ದಾರ ರಾಯ್‌ಚೌಧುರಿ ಪಕ್ಕದವರಿಗೆ ಹೇಳುತ್ತಿದ್ದರು: "ಒಳ್ಳೆ ಮನುಷ್ಯ, ಇಲ್ಲ ಅನ್ನಲ್ಲ. ಆದ್ರೆ ಡಾಕ್ಟರಿಕೆ? ನಮ್ಮ ಹುಡುಗನಿಗೆ ನೋಡಿದ್ದ ಹೆಣ್ಣನ್ನ ಪರೀಕ್ಷೆ ಮಾಡಯ್ಯ ಅಂದ್ರೆ, 'ನಾನು ಮಾಡೋ ಪರೀಕ್ಷೆನೇ ಸರಿಯಿಲ್ಲ, ಏನೂ ಹೇಳಕ್ಕಾಗಲ್ಲ' ಅಂದುಬಿಟ್ಟ! ಕಲ್ಕತ್ತೆಗೆಲ್ಲಾ ಹೇಳ್ಕೊಂಡು ನಕ್ಕಿದ್ದೆ."

ಆ ನಗೆಯಿಂದಲೇ ದೊಡ್ಡ ಮನೆಗಳವರು ಲಾಹಿರಿಯವರನ್ನು ಕರೆಯುವುದು ಬಿಟ್ಟಿದ್ದರು.

*

ಹತ್ತೊಂಬತ್ತು ವರ್ಷಗಳ ಹಿಂದೆ ಡಾಕ್ಟರ್ ಲಾಹಿರಿ, ತಾವೇ ರೂಪಿಸಿದ ಪರೀಕ್ಷೆಯಂತೆ, ಕಿರಣಶಶಿಯನ್ನು ಎರಡು ಮೆಟ್ಟಿಲು ಇಪ್ಪತ್ತು ಸಲ ಹತ್ತಿಸಿ ಇಳಿಸಿದ್ದರು. ಆಮೇಲೆ ಗಡಿಯಾರ ಹಿಡಿದು ನಾಡಿ ಎಣಿಸುತ್ತಾ ಕೂತರು. ಅದು ಎಷ್ಟು ಹೊತ್ತಾದರೂ ಮೊದಲಿನ ಲೆಕ್ಕಕ್ಕೆ ಇಳಿಯಲಿಲ್ಲ.

"ಗುಂಡಿಗೆಯ ಒಂದು ಬಾಗಿಲು ಸರಿಯಾಗಿ ಮುಚ್ತಿಲ್ಲಮ್ಮ. ಜೋಪಾನ ಮಾಡಿದ್ರೆ ಬದುಕ್ತೀಯ. ಹೆರಿಗೆಯನ್ನ ಮಾತ್ರ ಅದು ತಡ್ಕೊಳ್ಳಲ್ಲ."

ಹುಡುಗಿ ಅಳಲಿಲ್ಲ. "ಓದ್ಬೇಕು, ಮದುವೆ ಬೇಡ ಅಂತ ಬಾಬಾ ಹತ್ರ ಹಟ ಹಿಡೀತೀನಿ. ಆದ್ರೆ ರೋಗ ಅಂತ ತಿಳಿದ್ರೆ ನನ್ನ ಮೂವರು ತಂಗಿಯರನ್ನೂ ಯಾರೂ ಒಪ್ಪಲ್ಲ, ಕಾಕಾ."

"ನಾನು ಸುಮ್ನಿದ್ರೂ ಗಂಡಿನ ಕಡೆಯವರು ರೋಗ ಅಂತಾನೇ ತಿಳ್ಕೋತಾರೆ. ಚೆನ್ನಾಗಿದ್ದಾಳೆ ಅಂದ್ರೆ ನಿಮ್ಮಪ್ಪ ಮದುವೆ ಮಾಡದೆ ಬಿಡಲ್ಲ."

ಡಾಕ್ಟರ್ ಗಡಿಯಾರವನ್ನು ಜೇಬಿಗಿಳಿಸಿ, ಹೊರಗೆ ಕಾಯುತ್ತಿದ್ದ ರಾಯ್‌ಚೌಧುರಿಯವರ ಬಳಿ ಹೋದರು.

*

"ಆ ಹುಡುಗಿ ನಾನೇ," ಎಂದಳು ಕಿರಣಶಶಿ. ಅಂಗಳದಲ್ಲಿದ್ದ ರಾಯ್‌ಚೌಧುರಿಯವರತ್ತ ತಿರುಗಿದಳು. "ಪರೀಕ್ಷೆ ಸರಿಯಾಗೇ ಇತ್ತು. ಇವತ್ತಿಗೂ ನಾಲ್ಕು ಹೆಜ್ಜೆಗೆ ನನ್ನ ಉಸಿರು ಸಿಕ್ಕಿಕೊಳ್ಳುತ್ತೆ. ತಂಗಿಯರ ಮದುವೆ ಮುಗೀಲಿ ಅಂತ ಕಾದೆ. ಮುಗಿದ ಮೇಲೆ ಹೇಳ್ತೀನಿ ಅಂದ್ರೆ ಡಾಕ್ಟರ್ ಕಾಕಾನೇ ಬಿಡಲಿಲ್ಲ. 'ನಗಲಿ ಬಿಡು, ನಿನಗೆ ಮಕ್ಕಳಿಗೆ ಪಾಠ ಹೇಳೋ ಕೆಲಸ ಇದೆ' ಅಂದ್ರು."

ರಾಯ್‌ಚೌಧುರಿ ಕೋಲೂರಿ ಎದ್ದರು. ಚಟ್ಟದ ಹತ್ತಿರ ಹೋಗಿ ಚಪ್ಪಲಿ ಕಳಚಿ ನಿಂತರು.

"ನಿಮಗೂ ಗೊತ್ತಿತ್ತಾ?" ಎಂದು ಯಾರೋ ಪ್ರಭಾಸನನ್ನು ಕೇಳಿದರು.

"ಇಲ್ಲ. ಚಿಕ್ಕಪ್ಪ ನನಗೂ ಹೇಳಿರಲಿಲ್ಲ."

ನಾಲ್ವರು ಚಟ್ಟ ಎತ್ತಿದರು. "ಬೋಲೋ ಹರಿ, ಹರಿಬೋಲ್!" ಗಲ್ಲಿಗಿಳಿದ ಮೇಲೆ ಪ್ರಭಾಸ ತಿರುಗಿ ನೋಡಿದ. ಕಿರಣಶಶಿ ಹಿಂದೆಯೇ ಬರುತ್ತಿದ್ದಳು, ಗೋಡೆಗೆ ಕೈಯಿಟ್ಟು.

"ಹೆಂಗಸರು ಸ್ಮಶಾನದ ಘಾಟ್‌ಗೆ ಬರೋದುಂಟಾ?" ಎಂದರು ಒಬ್ಬರು.

"ಗಲ್ಲಿ ಕೊನೆವರೆಗೆ," ಎಂದಳು ಅವಳು.

ಮುಂದಿದ್ದ ಪ್ರಭಾಸ ಹೆಜ್ಜೆ ಗಿಡ್ಡ ಮಾಡಿದ. ಉಳಿದ ಮೂವರೂ ಹಾಗೆಯೇ ಮಾಡಿದರು. ಅವಳು ನಿಂತಾಗಲೆಲ್ಲ ಚಟ್ಟವೂ ನಿಂತಿತು. ಅವಳ ಉಸಿರು ತಹಬಂದಿಗೆ ಬಂದ ಮೇಲೆ ಮುಂದೆ ಸಾಗಿತು.