ಬಾಯ್ಲರ್ ಮೇಸ್ತ್ರಿ ಮತ್ತು ಇಪ್ಪತ್ತು ಬಿಳಿ ತುಂಡು

ಕಾಗದದ ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ಬಾಯ್ಲರ್ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಬೆಂಕಿಯ ಎದುರು ನಿಂತ ಮನುಷ್ಯ. ಅಂಗಳದಿಂದ ಚಿಮಣಿಯತ್ತ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಗಾಳಿ ಕಡಿಮೆಯೋ ಸೌದೆ ಹಸಿಯೋ ಹೇಳಿಬಿಡುತ್ತಿದ್ದರು. "ಒಳ್ಳೆ ಬೆಂಕಿ ಅಂದ್ರೆ ಹೊಗೆ ಕಾಣಬಾರದು" ಅನ್ನುವುದು ಅವರ ಮಾತು.

ಆ ಮಾತು ಅವರ ಬಾಯಿಂದ ಬಂದು ವರ್ಷವಾಗಿತ್ತು. ಸೌದೆಗಿಂತ ಅಗ್ಗವೆಂದು ಮ್ಯಾನೇಜರು ಹಳೇ ಟೈರಿನ ಚೂರು ತರಿಸತೊಡಗಿದ್ದರು. ಚಿಮಣಿ ಕರ್ರಗೆ ಕಾರುತ್ತಿತ್ತು. ಮೇಸ್ತ್ರಿ ಒಂದೆರಡು ಸಲ ಗೊಣಗಿ, ನಿವೃತ್ತಿಗೆ ಇನ್ನು ಮೂರೇ ವರ್ಷ, ಇಲ್ಲದ ಉಸಾಬರಿ ಯಾಕೆ ಎಂದು ಸುಮ್ಮನಾದರು.

ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಅವರ ಬೀಗಿತ್ತಿಯ ಲಾಂಡ್ರಿ. ಮೇಸ್ತ್ರಿ ಮಗಳನ್ನು ಕೊಟ್ಟದ್ದು ಆ ಮನೆಗೇ. ಆಸ್ಪತ್ರೆಯ ಹಾಸು, ಹೊದಿಕೆ ಒಗೆದು ತಾರಸಿಯಲ್ಲಿ ಒಣಹಾಕುವ ಕೆಲಸ. ಒಂದು ಭಾನುವಾರ ಮಗಳನ್ನು ನೋಡಲು ಹೋದಾಗ ಬೀಗಿತ್ತಿ ಊಟ ಬಡಿಸುತ್ತಲೇ ಶುರುಮಾಡಿದರು.

"ಬೀಗರೇ, ಒಂದೇ ಹಾಸನ್ನ ಮೂರು ಮೂರು ಸಲ ಒಗೀತಿದ್ದೀನಿ. ನಿಮ್ಮ ಚಿಮಣಿಗೆ ನನ್ನ ಮೇಲೇನು ಹಗೆ?"

"ರಸ್ತೆ ಧೂಳಿರಬಹುದು ಬೀಗಿತ್ತಿಯವರೇ."

"ಧೂಳಾದ್ರೆ ಕೊಡವಿದ್ರೆ ಹೋಗತ್ತೆ. ಇದು ಉಜ್ಜಿದಷ್ಟೂ ಹರಡತ್ತೆ."

ಮೇಸ್ತ್ರಿ ಅನ್ನ ಕಲಸತೊಡಗಿದರು. ಮಗಳು ಮಾತು ಮರೆಸಲೆಂದು ಸುಮ್ಮನೆ ನೀರು ತಂದಿಟ್ಟಳು.

ಮರುದಿನದಿಂದ ಬೀಗಿತ್ತಿ ತಾರಸಿಯಲ್ಲಿ ಕರವಸ್ತ್ರದಷ್ಟಗಲದ ಬಿಳಿ ಬಟ್ಟೆಯ ತುಂಡೊಂದನ್ನು ಬೆಳಿಗ್ಗೆ ಕಟ್ಟಿ ಸಂಜೆ ಬಿಚ್ಚತೊಡಗಿದರು. ಮೂಲೆಯಲ್ಲಿ ತಾರೀಖು. ಹಾಗೆ ಇಪ್ಪತ್ತು ತುಂಡಾದ ಮೇಲೆ ಬೀದಿಯ ನಾಲ್ಕು ಜನರನ್ನೂ ನಗರಸಭೆಯ ಆರೋಗ್ಯಾಧಿಕಾರಿಯನ್ನೂ ಕರೆದುಕೊಂಡು ಕಾರ್ಖಾನೆಯ ಆಫೀಸಿಗೆ ಬಂದು ಮೇಜಿನ ಮೇಲೆ ಸಾಲಾಗಿ ಹಾಸಿದರು.

ಮ್ಯಾನೇಜರು ನಕ್ಕರು. "ಅಮ್ಮಾ, ಇದು ರಸ್ತೆ ಧೂಳು. ಬೇಕಾದ್ರೆ ನಮ್ಮ ಮೇಸ್ತ್ರೀನೇ ಕೇಳಿ. ಹೊಗೆ ವಿಷಯದಲ್ಲಿ ಅವರು ಹೇಳಿದ್ದೇ ವೇದವಾಕ್ಯ."

ಮೇಸ್ತ್ರಿ ಬಂದು ನಿಂತರು. ಬೀಗಿತ್ತಿ ಅವರತ್ತ ನೋಡಲೇ ಇಲ್ಲ. ನೆಂಟಸ್ತಿಕೆಯ ಸೊಲ್ಲನ್ನೂ ಎತ್ತಲಿಲ್ಲ. ಬೈದಿದ್ದರೆ ಸಲೀಸಿತ್ತು. ಈ ಮರ್ಯಾದೆಯೇ ಅವರನ್ನು ಚುಚ್ಚಿತು. ಒಂದು ತುಂಡೆತ್ತಿ ಬೆರಳಲ್ಲಿ ಉಜ್ಜಿದರು. ಜಿಡ್ಡು, ಸುಟ್ಟ ರಬ್ಬರಿನ ವಾಸನೆ. ಸಾಲಿನಲ್ಲಿ ಒಂದು ಮಾತ್ರ ಬೆಳ್ಳಗಿತ್ತು. ತಾರೀಖು ನೋಡಿದರು.

"ಹನ್ನೊಂದನೇ ತಾರೀಖು ಬಾಯ್ಲರ್ ರಿಪೇರಿಗೆ ನಿಲ್ಸಿದ್ವಿ ಸಾರ್," ಎಂದರು ಮೆಲ್ಲಗೆ. "ರಸ್ತೆ ನಿಂತಿರಲಿಲ್ಲ."

ಕೈಯಲ್ಲಿದ್ದ ತುಂಡನ್ನು ಮ್ಯಾನೇಜರ ಮುಂದಿಟ್ಟರು. "ಟೈರು ಸಾರ್ ಇದು. ಈ ಕೈಯಲ್ಲೇ ಹಾಕ್ತಿದ್ದೀನಿ. ಒಂದು ವರ್ಷದಿಂದ."

ಇಷ್ಟು ಹೇಳಲು ಇಷ್ಟು ದಿನ ಬೇಕಾಯಿತೇ ಎಂದು ಅವರಿಗೇ ನಾಚಿಕೆಯಾಯಿತು.

ವಾರದೊಳಗೆ ಟೈರು ಸುಡಬಾರದೆಂದು ಕಾರ್ಖಾನೆಗೆ ನೋಟಿಸು ಬಂತು. ಮೇಸ್ತ್ರಿಗೂ ಒಂದು ಕಾಗದ ಬಂತು: ನಾಳೆಯಿಂದ ಬಾಯ್ಲರ್ ಬೇಡ, ಗೇಟು ಕಾಯುವುದು. ಬೆಂಕಿ ಆಡಿಸಿದ ಕೈಗೆ ಸೀಟಿ ಕೊಟ್ಟರು. ಮೊದಮೊದಲು ಅವರು ಚಿಮಣಿಗೆ ಬೆನ್ನು ಹಾಕಿಯೇ ಕೂರುತ್ತಿದ್ದರು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಟಾರ್ಪಾಲು ಮುಚ್ಚಿದ ಲಾರಿ ಬಂತು. ಸೌದೆ ಎಂದ ಡ್ರೈವರು. ಮೇಸ್ತ್ರಿ ಟಾರ್ಪಾಲಿನ ಅಂಚೆತ್ತಿ ಮೂಸಿದರು.

"ಯಾವ ಮರದ್ದಪ್ಪಾ ಈ ಸೌದೆ? ತಿರುಗಿಸು."

"ಮ್ಯಾನೇಜರ್ ಹೇಳಿದ್ದಾರೆ."

"ಬರವಣಿಗೆಯಲ್ಲಿ ಕೊಡ್ಲಿ, ಬಿಡ್ತೀನಿ."

ಮ್ಯಾನೇಜರು ಓಡಿ ಬಂದು ಕೂಗಾಡಿದರು. ಆದರೆ ನೋಟಿಸು ಬಂದ ಮೇಲೆ ಹಾಗೆ ಬರೆದುಕೊಡುವ ಧೈರ್ಯ ಅವರಿಗಿರಲಿಲ್ಲ. ಲಾರಿ ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಹಿಂದಿರುಗಿತು, ಆಮೇಲೆ ಬರಲಿಲ್ಲ.

ಮೇಸ್ತ್ರಿಗೆ ಬಾಯ್ಲರ್ ಮತ್ತೆ ಸಿಗಲಿಲ್ಲ. ಅವರ ಜಾಗಕ್ಕೆ ಬಂದ ಹೊಸಬನಿಗೆ ಸೌದೆ ಉರಿಸಲು ಬಾರದು. ಬೆಳಗಿನ ಹೊತ್ತು ಹೊಗೆ ಇನ್ನೂ ಬೂದು ಬೂದು. ಒಂದು ದಿನ ಅವನೇ ಗೇಟಿಗೆ ಬಂದು, ತಲೆ ಕೆರೆಯುತ್ತಾ, "ಗಾಳಿ ಎಷ್ಟು ಬಿಡ್ಬೇಕು ಮೇಸ್ತ್ರಿ?" ಎಂದು ಕೇಳಿದ. ಮೇಸ್ತ್ರಿ ಕುರ್ಚಿಯನ್ನು ಚಿಮಣಿಯತ್ತ ತಿರುಗಿಸಿ, ಅವನಿಗೂ ಕೂರಲು ಹೇಳಿದರು.